ಇಪ್ಪತ್ತು ಸೆಕೆಂಡಿನ ಮೌನ

‘ಇವತ್ತೂ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿದೆ’ ಎಂದು ಕವನ ಡೈರಿಯಲ್ಲಿ ಬರೆದಳು. ಬರೆದದ್ದನ್ನು ಎರಡು ಸಲ ಓದಿ, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ನನಗೆ ನನ್ನ ದನಿಯೇ ಹೆದರಿಕೆ. ಇದನ್ನು ಯಾರಿಗಾದರೂ ಹೇಳೋಣವೆಂದರೆ ಅದಕ್ಕೂ ಅದೇ ದನಿ ಬೇಕು.’

ಬಿಳಿಗೆರೆಯ ಗೊಬ್ಬರದ ಅಂಗಡಿಯವರು ಯುಗಾದಿಗೆ ಕೊಟ್ಟ ಡೈರಿ ಅದು. ಪ್ರತಿ ಪುಟದ ತಲೆಯ ಮೇಲೂ ಒಂದು ಯೂರಿಯಾ ಚೀಲದ ಚಿತ್ರ. ಬಿಎಸ್ಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳಿಗೆ ನಂಜನಗೂಡಿನಲ್ಲಿ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಆ ಮೂರು ತಿಂಗಳಲ್ಲಿ ಅವಳು ಬಾಯಲ್ಲಿ ಆಡಿದ ಮಾತಿಗಿಂತ ಡೈರಿಯಲ್ಲಿ ಬರೆದದ್ದೇ ಹೆಚ್ಚು.

ಊಟಿ ರಸ್ತೆಯಲ್ಲಿ ಒಂದು ಟೈಲ್ಸ್ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ, ಬೋರ್ಡಿಲ್ಲದ ಬಾಗಿಲಿನ ಹಿಂದೆ, ಸೈನ್ಯಕ್ಕೆ ಬೇಕಾದ ಸಂಶೋಧನೆ ಮಾಡುವ ಒಂದು ಸಣ್ಣ ತಂಡವಿತ್ತು. ಮನುಷ್ಯರೂ ಬುದ್ಧಿಯಿರುವ ಯಂತ್ರವೂ ಒಟ್ಟಿಗೆ ಕೂತು ಕಾವಲು ಕಾದರೆ ಯಾರು ಯಾರನ್ನು ಎಷ್ಟು ನಂಬುತ್ತಾರೆ, ಎಲ್ಲಿ ತಪ್ಪು ನುಸುಳುತ್ತದೆ ಎಂದು ತಿಳಿಯುವುದು ಅವರ ಕೆಲಸ. ಅದಕ್ಕೆಂದೇ ಸುತ್ತಲ ಊರುಗಳಿಂದ ಎಂಟು ಜನ ಪದವೀಧರರನ್ನು ತೆಗೆದುಕೊಂಡಿದ್ದರು. ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನು. ಡ್ರೋನ್ ಮೇಲಿಂದ ತೆಗೆದ ಚಿತ್ರ ಓಡುತ್ತದೆ. ಯಂತ್ರ ಒಂದು ಕಡೆ ಚೌಕ ಬರೆದು, ‘ಇಲ್ಲಿ ಅಪಾಯವಿದೆ, ನೂರಕ್ಕೆ ಇಷ್ಟು ಪಾಲು ಖಚಿತ’ ಎನ್ನುತ್ತದೆ. ನೋಡುವವರು ಹೌದೆನ್ನಿಸಿದರೆ ಹಸಿರು ಬಟನ್ ಒತ್ತಬೇಕು, ಅಲ್ಲವೆನ್ನಿಸಿದರೆ ಕೆಂಪು. ಕೆಂಪು ಒತ್ತಿದರೆ ಮಾತ್ರ ಇನ್ನೊಂದು ಕೆಲಸವಿತ್ತು. ಯಾಕೆ ಅಲ್ಲ ಎಂಬುದನ್ನು ಬಾಯಿಬಿಟ್ಟು ಮೈಕಿಗೆ ಹೇಳಬೇಕು. ಆ ಮಾತು ಯಂತ್ರಕ್ಕೆ ಪಾಠವಾಗುತ್ತದೆ.

ಕವನ ಹಸಿರನ್ನೇ ಒತ್ತುತ್ತಿದ್ದಳು.

ಮೊದಮೊದಲು ನೋಡಿ ಒತ್ತುತ್ತಿದ್ದಳು. ಆಮೇಲೆ ಅನುಮಾನ ಬಂದರೂ ಒತ್ತತೊಡಗಿದಳು. ಕೆಂಪು ಒತ್ತಿ, ಏಳು ಜನರ ಎದುರು ಮೈಕಿಗೆ ಬಾಯಿ ಕೊಟ್ಟು, ‘ಅದು ಬಂದೂಕಲ್ಲ ಸಾರ್, ಗುದ್ದಲಿ’ ಎನ್ನುವುದಿದೆಯಲ್ಲ, ಅದನ್ನು ಮನಸ್ಸಿನಲ್ಲಿ ಆಡಿ ನೋಡುವಷ್ಟರಲ್ಲೇ ಬೆರಳು ಹಸಿರಿನ ಮೇಲೆ ಇಳಿದುಬಿಡುತ್ತಿತ್ತು.

ಪಕ್ಕದ ಕುರ್ಚಿಯ ಹಂಸಾ ನಂಜನಗೂಡಿನ ಅಗ್ರಹಾರದ ಹುಡುಗಿ. ಬಾಯಿ ಜೋರು. ಯಂತ್ರಕ್ಕೆ ಅವಳು ‘ಭಾವ’ ಎಂದು ಹೆಸರಿಟ್ಟಿದ್ದಳು. “ಲೇ ಕವನಾ, ಭಾವನ ಕೈಲಿ ತಾಳಿ ಕಟ್ಟಿಸ್ಕೊಂಡ್ಬಿಡೇ. ಒಂದು ಮಾತಿಗಾದ್ರೂ ಎದುರಾಡ್ತೀಯಾ ನೀನು? ಇಂಥ ಸೊಸೆ ಯಾವ ಅತ್ತೆಗೂ ಸಿಕ್ಕಲ್ಲ ಕಣೇ!”

ಕವನ ನಕ್ಕು ತಲೆ ತಗ್ಗಿಸುತ್ತಿದ್ದಳು. ನಗುವುದು ಸುಲಭ. ಅದಕ್ಕೆ ದನಿ ಬೇಡ.

ಹೆದರಿಕೆ ನಿಜವಾಗಿ ಬೇರೂರಿದ್ದು ಹೋದ ತಿಂಗಳು, ಒಂದು ಮಂಗಳವಾರ.

ಅವತ್ತು ಬಂದದ್ದು ಶಾಖದ ಕ್ಯಾಮೆರಾದ ಚಿತ್ರ. ಅದರಲ್ಲಿ ಬೆಚ್ಚಗಿರುವುದೆಲ್ಲ ಬಿಳಿ, ತಣ್ಣಗಿರುವುದೆಲ್ಲ ಕಪ್ಪು. ಮುಖ ಕಾಣುವುದಿಲ್ಲ, ಬಟ್ಟೆ ಕಾಣುವುದಿಲ್ಲ, ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹೊಳೆದಂಡೆಯ ಬಯಲಿನಲ್ಲಿ ನಾಲ್ಕು ಬಿಳಿ ಆಕಾರಗಳು ಒಂದು ಮಣ್ಣಿನ ಗುಡ್ಡೆಯ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದವು. ಒಂದು ಆಕಾರ ಬಾಗಿ ಗುಡ್ಡೆಯ ಮೇಲೆ ಏನನ್ನೋ ಸುರಿಯಿತು. ಸುರಿದದ್ದು ಬೆಚ್ಚಗಿದ್ದಿರಬೇಕು, ತೆಳ್ಳನೆಯ ಬಿಳಿ ಎಳೆಯಾಗಿ ಇಳಿಯಿತು. ಇನ್ನೊಂದು ಏನೋ ಇಟ್ಟಿತು. ನಾಲ್ಕೂ ಎದ್ದು ದೂರ ಹೋಗಿ ನಿಂತವು. ಒಂದು ಚುಕ್ಕೆಯಂಥದ್ದು ಹಾರಿಬಂದು ಗುಡ್ಡೆಯ ಮೇಲೆ ಕುಪ್ಪಳಿಸಿತು. ಆಮೇಲೆ ನಾಲ್ಕೂ ಸಾಲಾಗಿ ಹೊರಟವು. ಒಂದೂ ಹಿಂದಕ್ಕೆ ತಿರುಗಲಿಲ್ಲ.

ಯಂತ್ರ ಚೌಕ ಬರೆದು ಹೇಳಿತು: ‘ನೆಲದಲ್ಲಿ ವಸ್ತು ಹೂತು, ಹಿಂದೆ ನೋಡದೆ ತೆರಳಿದ್ದಾರೆ. ಐವತ್ತೊಂದು ಪಾಲು. ಖಚಿತವಿಲ್ಲ. ನಿಮ್ಮ ಅಭಿಪ್ರಾಯ?’

ಕವನಳಿಗೆ ನೋಡುತ್ತಲೇ ಗೊತ್ತಾಗಿತ್ತು. ಎರಡು ವರ್ಷದ ಹಿಂದೆ ಅಜ್ಜಿ ಜವರಮ್ಮ ತೀರಿಕೊಂಡ ಮೂರನೆಯ ದಿನ ಅವಳೂ ಹಾಗೇ ಕುಕ್ಕರಗಾಲಲ್ಲಿ ಕೂತಿದ್ದಳು. ಹೂತ ಜಾಗದ ಹಸಿ ಮಣ್ಣಿನ ಮೇಲೆ ಅಪ್ಪ ಕಾಯಿಸಿದ ಹಾಲು ಬಿಟ್ಟಿದ್ದ, ತುಪ್ಪ ಬಿಟ್ಟಿದ್ದ. ಅವ್ವ ಎಲೆಯ ಮೇಲೆ ಅನ್ನ ಇಟ್ಟು, ಅಜ್ಜಿಗೆ ಇಷ್ಟವೆಂದು ಪಕ್ಕದಲ್ಲಿ ಒಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿಯನ್ನೂ ಇಟ್ಟಿದ್ದಳು. ದೂರ ನಿಂತು ಕಾಗೆಗೆ ಕಾದಿದ್ದರು. ಕಾಗೆ ಮುಟ್ಟಿದ ಮೇಲೆ ಅಪ್ಪ, “ನಡೀರಿ. ಯಾರೂ ಇಂದಕ್ ತಿರುಗಿ ನೋಡಬ್ಯಾಡಿ, ಜೀವ ಇಂದೆ ಬತ್ತದೆ” ಎಂದಿದ್ದ. ಹಾಲುತುಪ್ಪ. ಹೂಳುವ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ.

ಬೆರಳು ಕೆಂಪು ಬಟನ್ನಿನ ಮೇಲಕ್ಕೆ ಹೋಯಿತು. ಹಂಸಾ ಆಗ ತಾನೇ ಹೆಡ್‌ಫೋನು ತೆಗೆದು ಇತ್ತ ತಿರುಗಿದಳು. ಅವತ್ತೇ ಊಟದ ಹೊತ್ತಿನಲ್ಲಿ ಅವಳು ಸುಮ್ಮನೆ, ಕೆಟ್ಟ ಮನಸ್ಸಿಲ್ಲದೆಯೇ ಕೇಳಿದ್ದಳು: “ನಿಮ್ಮ ಕಡೆ ಸುಡಲ್ವಂತೆ, ಹೌದಾ?” ಆ ‘ನಿಮ್ಮ ಕಡೆ’ ಇನ್ನೂ ಕವನಳ ಕಿವಿಯಲ್ಲಿತ್ತು. ಈಗ ಮೈಕಿನಲ್ಲಿ, ಎಲ್ಲರೆದುರು, ಹಾಲು, ತುಪ್ಪ, ಕಾಗೆ ಎಂದು ವಿವರಿಸಬೇಕು. ಅಜ್ಜಿಯನ್ನು ಕೊಠಡಿಗೆ ಕರೆತಂದು ನಿಲ್ಲಿಸಿದ ಹಾಗೆ.

ಹಸಿರು ಒತ್ತಿದಳು.

‘ಧನ್ಯವಾದ’ ಎಂದು ಯಂತ್ರ ಬರೆಯಿತು.

ಅಂಥದ್ದೇ ಚಿತ್ರಗಳು ಮತ್ತೆ ಮೂರು ಸಲ ಅವಳ ಪರದೆಗೇ ಬಂದವು. ಹೊಳೆಯ ಉದ್ದಕ್ಕೂ ಡ್ರೋನ್ ಹಾರಿಸಿ ಚಿತ್ರ ತೆಗೆದಿದ್ದರಲ್ಲ, ಹೊಳೆದಂಡೆಯಲ್ಲಿ ಮಣ್ಣು ಮಾಡುವ ಊರುಗಳಿಗೆ ಬರವೇ? ಎರಡನೆಯ ಸಲ ಯಂತ್ರ ಅರವತ್ತೆಂಟು ಎಂದಿತು. ಮೂರನೆಯ ಸಲ ಎಂಬತ್ತು ದಾಟಿತು. ಈಗ ಕೆಂಪು ಒತ್ತಿದರೆ ಮೊದಲೇಕೆ ಹಸಿರು ಒತ್ತಿದೆ ಎಂದು ಕೇಳುತ್ತಾರೆ ಎಂದು ಎರಡು ಸಲವೂ ಹಸಿರನ್ನೇ ಒತ್ತಿದಳು. ನಾಲ್ಕನೆಯ ಸಲ ಯಂತ್ರ ಅವಳ ಅಭಿಪ್ರಾಯವನ್ನು ಕೇಳಲೇ ಇಲ್ಲ. ತೊಂಬತ್ತೇಳು ಪಾಲು ಎಂದು ತಾನೇ ಹೇಳಿ ಮುಂದಕ್ಕೆ ಹೋಯಿತು.

ಅವತ್ತಿನ ಪುಟದಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ಅದು ನನ್ನ ಮಾತು ಕೇಳಿ ಕಲಿತುಬಿಟ್ಟಿತು, ನಾನು ಮಾತೇ ಆಡಿರಲಿಲ್ಲ.’

ಬಸ್ಸಿನಲ್ಲಿ ಹೋಗಿ ಬರುವಾಗ ಯಾರಾದರೂ ಹಾಲಿನ ಚೊಂಬು ಹಿಡಿದು ಹತ್ತಿದರೆ ಅವರು ಇಳಿಯುವವರೆಗೂ ಅವರನ್ನೇ ನೋಡತೊಡಗಿದಳು. ತಂಡದ ಮುಖ್ಯಸ್ಥ ಜಯತೀರ್ಥ ಸಾರಿಗೆ ಒಂದು ಈಮೇಲ್ ಬರೆದಳು. ಕಳಿಸಲಿಲ್ಲ. ಮತ್ತೆ ತಿದ್ದಿದಳು, ಮತ್ತೆ ಕಳಿಸಲಿಲ್ಲ.

ಇಷ್ಟರ ಮೇಲೆ ಹೊಗಳಿಕೆ ಬಂತು.

ಜಯತೀರ್ಥ ಸಾರ್ ಒಳ್ಳೆಯವರೇ. ಹಣೆಯಲ್ಲಿ ಸಣ್ಣ ಅಕ್ಷತೆಯ ಬೊಟ್ಟು, ಮಾತಿನಲ್ಲಿ ಸದಾ ನಗು. ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಹೇಳಿದರು: “ಯಂತ್ರದ ಜೊತೆ ಅತಿ ಚೆನ್ನಾಗಿ ಹೊಂದಿಕೊಂಡಿರೋರು ಕವನಾ ಅವರು. ನೂರಕ್ಕೆ ತೊಂಬತ್ತೊಂಬತ್ತು ಸಲ ಇಬ್ಬರದ್ದೂ ಒಂದೇ ಅಭಿಪ್ರಾಯ. ಶುಕ್ರವಾರ ದೆಹಲಿಯಿಂದ ಅತಿಥಿಗಳು ಬರ್ತಾರೆ. ಪ್ರಾತ್ಯಕ್ಷಿಕೆಗೆ ಇವರೇ ಕೂತ್ಕೊಳ್ಳಲಿ.”

ಹಂಸಾ ಚಪ್ಪಾಳೆ ತಟ್ಟಿದಳು.

ಏರ್ಪಾಡು ಹೀಗಿತ್ತು. ತಿರುಮಕೂಡಲು ನರಸೀಪುರಕ್ಕೆ ಈಚೆ, ಕಪಿಲೆಯ ದಂಡೆಯಲ್ಲಿ ಒಂದು ಬಯಲು. ನಕ್ಷೆಯಲ್ಲಿ ಖರಾಬು ಜಮೀನು, ಉಳುಮೆಗೆ ಬಾರದ ಪಾಳು. ಅಲ್ಲಿ ಹುಲ್ಲಿನ ಗೊಂಬೆಗಳನ್ನು ನಿಲ್ಲಿಸಿ, ಶಾಖದ ಕ್ಯಾಮೆರಾಕ್ಕೆ ಮನುಷ್ಯರಂತೆ ಕಾಣಲಿ ಎಂದು ಹೊಟ್ಟೆಗೂ ತಲೆಗೂ ಬಿಸಿನೀರಿನ ಚೀಲ ಕಟ್ಟುತ್ತಾರೆ. ಒಂದೆರಡನ್ನು ಹಗ್ಗ ಕಟ್ಟಿ ಎಳೆದು ಓಡಾಡಿಸುತ್ತಾರೆ. ಅತಿಥಿಗಳು ಏರಿಯ ಆಚೆ ಶಾಮಿಯಾನದಲ್ಲಿ ಕೂತು ಪರದೆಯಲ್ಲಿ ನೋಡುತ್ತಾರೆ. ಬಿಸಿಲೇರಿದರೆ ನೆಲವೂ ಬಿಳಿಯಾಗುವುದರಿಂದ ಬೆಳಗ್ಗೆ ಏಳಕ್ಕೇ ಶುರು. ಡ್ರೋನಿಗೆ ತಲಾ ಎರಡು ಕಿಲೋ ತೂಕದ ಎರಡು ಜೇಡಿಮಣ್ಣಿನ ಉಂಡೆ ಕಟ್ಟಿರುತ್ತಾರೆ, ಒಳಗೆ ಕೆಂಪು ಪುಡಿ. ಯಂತ್ರ ಗುರುತಿಸಿದ ಜಾಗಕ್ಕೆ ಅವು ಒಂದೊಂದಾಗಿ ಬೀಳುತ್ತವೆ.

“ಬರೀ ಮಣ್ಣು ತಾನೇ?” ಎಂದು ಹಂಸಾ ಕೇಳಿದಳು.

“ಮಣ್ಣೇ” ಎಂದ ಡ್ರೋನ್ ನೋಡಿಕೊಳ್ಳುವ ಹರಿಪ್ರಸಾದ್. “ಆದ್ರೆ ಅಷ್ಟೆತ್ತರದಿಂದ ತೆಂಗಿನಕಾಯಿ ಬಿದ್ರೂ ತಲೆ ಎರಡು ಹೋಳು ಕಣ್ರೀ. ಅದಕ್ಕೇ ಸುತ್ತಲ ಮೂರು ಊರಲ್ಲೂ ಟಾಂಟಾಂ ಹೊಡೆಸಿದೀವಿ, ಒಂಬತ್ತು ಗಂಟೆವರೆಗೂ ಯಾರೂ ಆ ಕಡೆ ತಲೆ ಹಾಕ್ಬೇಡಿ ಅಂತ.”

ಜಯತೀರ್ಥ ಸಾರ್ ಕೊನೆಗೆ ಹೊಸ ನಿಯಮ ಹೇಳಿದರು. ಇಷ್ಟು ದಿನ ಪೂರ್ತಿ ಖಚಿತವಿಲ್ಲದಾಗ ಯಂತ್ರ ಮನುಷ್ಯರ ಒಪ್ಪಿಗೆಗೆ ಕಾಯುತ್ತಿತ್ತು. ಶುಕ್ರವಾರ ಕಾಯುವುದಿಲ್ಲ. ಗುರಿ ಕಂಡ ಕೂಡಲೇ ಇಪ್ಪತ್ತರಿಂದ ಹಿಂದಕ್ಕೆ ಎಣಿಸುತ್ತದೆ, ಸೊನ್ನೆಗೆ ಬಂದರೆ ಬೀಳಿಸುತ್ತದೆ. ತಡೆಯಬೇಕೆಂದರೆ ಕೆಂಪು ಒತ್ತಿ ಕಾರಣ ಹೇಳಬೇಕು. ಹೋದ ಸಲ ಯಾರದೋ ಬೆರಳು ತಾಗಿ ಡ್ರೋನ್ ನಿಂತುಹೋಗಿದ್ದರಿಂದ, ದನಿ ಕೇಳದೆ ಬರೀ ಬಟನ್ನಿಗೆ ನಿಲ್ಲುವುದಿಲ್ಲ.

“ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರು ಸುಮ್ಮನೆ ಹೇಳಲಿಲ್ಲ” ಎಂದು ನಕ್ಕರು. “ಕವನಾ ಅವರಿಗಂತೂ ಇದು ಬಹಳ ಅನುಕೂಲ. ಸುಮ್ಮನೆ ಕೂತಿದ್ರಾಯ್ತು!”

ಎಲ್ಲರೂ ನಕ್ಕರು. ಕವನಳೂ ನಕ್ಕಳು.

ಗುರುವಾರ ಸಂಜೆ ಅವ್ವ ಚಲುವಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಾ ಮಗಳನ್ನೇ ನೋಡುತ್ತಿದ್ದಳು. “ಯಾಕ್ ಮಗ, ಮಕ ಇಂಗಾಗದೆ? ಕೆಲ್ಸದಲ್ಲಿ ಯಾರಾರ ಏನಾರ ಅಂದ್ರಾ?”

“ಇಲ್ಲ ಕಣವ್ವ.”

“ಇಲ್ಲ ಅಂತೀಯ, ಒಂದ್ ತಿಂಗ್ಳಿಂದ ತಟ್ಟೇಲಿ ಅನ್ನ ಅಂಗೇ ಇರ್ತದೆ. ಬಾಯ್ ಬುಟ್ಟು ಏಳ್ಬಾರ್ದಾ? ನಿಮ್ಮಜ್ಜಿ ಇದ್ದಿದ್ರೆ ಒಂದೇಟು ಕೊಟ್ಟು ಬಾಯ್ ಬುಡಿಸೋಳು.”

“ಅವ್ವಾ,” ಎಂದಳು ಕವನ, “ಹಾಲುತುಪ್ಪಾನ ಒಂದಿನ ತಡ ಮಾಡಿ ಬಿಡಬಹುದಾ? ಅವತ್ತು ಏನೋ ಅಡ್ಡಿ ಬಂತು ಅಂದ್ರೆ?”

ಮುದ್ದೆಕೋಲು ನಿಂತಿತು. “ಅದೆಂಗಾದದು? ಸತ್ತೋರು ಮೂರ್ ದಿನ ಅಸ್ಕೊಂಡಿರ್ತಾರೆ. ಮಳೆ ಬರ್ಲಿ, ಗುಡುಗ್ಲಿ, ಆ ದಿನ ಬುಡಲೇಬೇಕು. ಯಾಕವ್ವ, ಇಂಥಾದ್ನೆಲ್ಲ ಕೇಳ್ತಿದ್ದೀಯ? ಯಾರ್ ತೀರ್ಕೊಂಡ್ರು?”

“ಯಾರೂ ಇಲ್ಲ” ಎಂದು ಕವನ ಎದ್ದು ಹೋದಳು. ಟಾಂಟಾಂ ಹೊಡೆದರೇನು, ಸಾವಿನ ಮನೆಗೆ ಅದು ಕೇಳಿಸುತ್ತದೆಯೇ? ಕೇಳಿಸಿದರೂ ಮೂರನೆಯ ದಿನ ನಿಲ್ಲುತ್ತದೆಯೇ? ಇರಲಾರದು, ಆ ಬಯಲಿನಲ್ಲಿ ಯಾರನ್ನೂ ಹೂತಿರಲಾರರು ಎಂದು ತನಗೆ ತಾನೇ ಹೇಳಿಕೊಂಡಳು. ಖರಾಬು ಎಂದು ನಕ್ಷೆಯಲ್ಲೇ ಇದೆಯಲ್ಲ. ಆಮೇಲೆ ನೆನಪಾಯಿತು. ಅಜ್ಜಿಯನ್ನು ಹೂತ ಜಾಗಕ್ಕೂ ನಕ್ಷೆಯಲ್ಲಿ ಅದೇ ಹೆಸರು.

ಶುಕ್ರವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಅವಳನ್ನು ನಡುಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಹಿಂದೆ ಜಯತೀರ್ಥ ಸಾರ್, ಎಡಕ್ಕೆ ಹರಿಪ್ರಸಾದ್. ಗೋಡೆಯಲ್ಲಿದ್ದ ದೊಡ್ಡ ಪರದೆಯ ಮುಂದೆ ಹಂಸಾ ಮತ್ತು ಉಳಿದವರು. ಮೈಕಿನಲ್ಲಿ ಆಡಿದ್ದು ನರಸೀಪುರದ ಶಾಮಿಯಾನದಲ್ಲಿ ದೊಡ್ಡ ಸ್ಪೀಕರಿನಲ್ಲಿ ಕೇಳಿಸುತ್ತದೆ ಎಂದರು.

ಡ್ರೋನ್ ಏರಿತು. ಕಪ್ಪು ಹೊಳೆ, ಬೂದು ಬಯಲು. ಮೊದಲ ಗುರಿ ಪೊದೆಯ ಪಕ್ಕ ನಿಂತ ಎರಡು ಬಿಳಿ ಗೊಂಬೆಗಳು. ತೊಂಬತ್ತೈದು ಪಾಲು. ಎಣಿಕೆ ಇಳಿಯಿತು, ಕವನ ಸುಮ್ಮನಿದ್ದಳು, ಉಂಡೆ ಬಿತ್ತು. ಒಂದು ಗೊಂಬೆಯ ತಲೆ ಹಾರಿ ಮೂರು ಮಾರು ದೂರ ಉರುಳಿತು. ಸ್ಪೀಕರಿನಲ್ಲಿ ಶಾಮಿಯಾನದ ಚಪ್ಪಾಳೆ ಕೇಳಿಸಿತು. ಉರುಳಿದ ತಲೆ ಇನ್ನೂ ಬೆಚ್ಚಗಿದ್ದು ಬಿಳಿಯಾಗಿ ಹೊಳೆಯುತ್ತಿತ್ತು.

“ಭಲೇ!” ಎಂದರು ಜಯತೀರ್ಥ ಸಾರ್. “ಎರಡನೇ ಉಂಡೆ ಇದೆಯಲ್ಲ, ಮುಂದಕ್ಕೆ ಹೋಗಲಿ.”

ಡ್ರೋನ್ ಹೊಳೆಯ ಕಡೆಗೆ ತಿರುಗಿತು. ಕಬ್ಬಿನ ಗದ್ದೆಯ ಅಂಚು ದಾಟಿತು. ಅಲ್ಲಿ ಐದು ಬಿಳಿ ಆಕಾರಗಳಿದ್ದವು.

ಐದೂ ಕುಕ್ಕರಗಾಲಲ್ಲಿ ಕೂತಿದ್ದವು. ನಡುವೆ ಸುತ್ತಲಿನ ನೆಲಕ್ಕಿಂತ ಕಪ್ಪಗೆ, ಉದ್ದಕ್ಕೆ ಏನೋ ಒಂದು. ಹಸಿ ಮಣ್ಣಿನ ಗುಡ್ಡೆ.

“ಇಲ್ಲಿ ಎಷ್ಟು ಗೊಂಬೆ ಇಟ್ಟಿದ್ರಿ?” ಎಂದು ಜಯತೀರ್ಥ ಸಾರ್ ಕೇಳಿದರು.

“ಗುತ್ತಿಗೆಯೋರು ಇಟ್ಟಿರೋದು ಸಾರ್. ಈ ಕಡೆ ಒಂದೈದಾರು ಇದಾವೆ ಅಂದ್ರು. ಹಗ್ಗ ಕಟ್ಟಿ ಎಳೆಯೋವು ಇವೇ ಇರ್ಬೇಕು” ಎಂದ ಹರಿಪ್ರಸಾದ್.

ಯಂತ್ರ ಚೌಕ ಬರೆಯಿತು. ‘ನೆಲದಲ್ಲಿ ವಸ್ತು ಹೂಳುತ್ತಿದ್ದಾರೆ. ತೊಂಬತ್ತೇಳು ಪಾಲು.’ ಇಪ್ಪತ್ತು. ಹತ್ತೊಂಬತ್ತು.

ಒಂದು ಆಕಾರ ಮುಂದಕ್ಕೆ ಬಾಗಿತು. ಅದರ ಕೈಯಿಂದ ತೆಳ್ಳನೆಯ ಬಿಳಿ ಎಳೆಯೊಂದು ಗುಡ್ಡೆಯ ಮೇಲೆ ಇಳಿಯಿತು.

ಕವನ ಕೆಂಪು ಒತ್ತಿದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಪರದೆಯ ಮೂಲೆಯಲ್ಲಿ ‘ಕಾರಣ ಕೇಳಿಸಲಿಲ್ಲ’ ಎಂಬ ಅಕ್ಷರ ಮೂಡಿತು. ಹದಿನಾಲ್ಕು. ಹದಿಮೂರು. ಐವರಲ್ಲಿ ಒಂದು ಆಕಾರ ಬಹಳ ಚಿಕ್ಕದಿತ್ತು. ಅದು ಪಕ್ಕದ ಆಕಾರಕ್ಕೆ ಒರಗಿಕೊಂಡು ಕೂತಿತ್ತು. ಹತ್ತು. ಒಂಬತ್ತು. ಅವಳು ಮೈಕಿಗೆ ಇನ್ನಷ್ಟು ಬಾಗಿದಳು.

“ಚಿತ್ರ... ಚಿತ್ರ ಸರಿ ಇಲ್ಲ ಸಾರ್. ಅಲ್ಲಾಡ್ತಿದೆ.”

ಎಣಿಕೆ ಆರಕ್ಕೆ ನಿಂತಿತು. ಕೊಠಡಿಯಲ್ಲಿ ಎಲ್ಲರೂ ಅವಳತ್ತ ತಿರುಗಿದರು. ಹಂಸಾಳ ಬಾಯಿ ತೆರೆದೇ ಇತ್ತು. ಕವನ ಉಸಿರು ಬಿಟ್ಟಳು. ನಿಂತಿತಲ್ಲ, ಇಷ್ಟು ಸಾಕು, ಅಷ್ಟರಲ್ಲಿ ಅವರು ಎದ್ದು ಹೋಗುತ್ತಾರೆ ಎಂದುಕೊಂಡಳು.

ಹರಿಪ್ರಸಾದ್ ಎರಡು ಕೀಲಿ ಒತ್ತಿ ನೋಡಿದ. “ಏನೂ ಅಲ್ಲಾಡ್ತಿಲ್ಲ ಸಾರ್. ಕನ್ನಡಿ ಹಂಗಿದೆ.”

“ಮೊದಲ ಸಲ ಅಲ್ವೇ, ಗಾಬರಿ. ಪರವಾಗಿಲ್ಲ ಕವನಾ ಅವರೇ” ಎಂದರು ಜಯತೀರ್ಥ ಸಾರ್ ಮೆತ್ತಗೆ. ಸ್ಪೀಕರಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಏನಾಯಿತೆಂದು ಕೇಳಿದರು. “ಹರೀ, ಎಣಿಕೆ ಮತ್ತೆ ಬಿಡಪ್ಪ. ಪಾಪ ಅತಿಥಿಗಳನ್ನ ಕಾಯಿಸ್ಬೇಡ.”

ಇಪ್ಪತ್ತು.

ಆಕಾರಗಳು ಏಳಲಿಲ್ಲ. ಇನ್ನೊಂದು ಕೈ ಈಗ ಎಲೆಯ ಮೇಲೆ ಏನೋ ಇಡುತ್ತಿತ್ತು. ಅನ್ನ. ಇಲ್ಲವೇ ಸತ್ತವರಿಗೆ ಇಷ್ಟವಾದದ್ದೇನೋ, ಒಂದು ಬೀಡಿ, ಒಂದು ಲೋಟ ಕಾಫಿ, ಒಂದು ಚಿಟಿಕೆ ಕಡ್ಡಿಪುಡಿ. ಹದಿನೇಳು. ಸುಳ್ಳು ಇನ್ನೊಂದು ಸಿಗಬಹುದು. ಆ ಸುಳ್ಳನ್ನೂ ಹರಿಪ್ರಸಾದ್ ಪರೀಕ್ಷೆ ಮಾಡುತ್ತಾನೆ, ಮತ್ತೆ ಇಪ್ಪತ್ತು ಬರುತ್ತದೆ. ಹದಿನೈದು. ಕೆಳಗೆ ಕೂತವರಿಗೆ ಮೇಲಿನ ಗುಂಯ್‌ಗುಡುವ ಸದ್ದು ಕೇಳಿಸಿರಬೇಕು, ಒಂದು ತಲೆ ಮೇಲೆತ್ತಿತು. ಮುಖವಿಲ್ಲದ ಬಿಳಿ ತಲೆ ಅವಳನ್ನೇ ನೋಡಿತು.

ಅವಳು ಮತ್ತೆ ಕೆಂಪು ಒತ್ತಿದಳು.

“ಗೊಂಬೆ ಅಲ್ಲ ಸಾರ್, ಜನ!” ದನಿ ಒಡೆದಿತ್ತು, ಅವ್ವನ ದನಿಯ ಹಾಗಿತ್ತು. “ಅಲ್ಲಿ ಯಾರನ್ನೋ ಮಣ್ಣು ಮಾಡವ್ರೆ. ಇವತ್ತು ಮೂರನೇ ದಿನ. ಹಾಲುತುಪ್ಪ ಬಿಡ್ತಾವ್ರೆ.”

ಎಣಿಕೆ ಹನ್ನೊಂದರಲ್ಲಿ ನಿಂತಿತು. ಹರಿಪ್ರಸಾದ್ ಅವಳ ಮುಖ ನೋಡಿದ, ಪರದೆ ನೋಡಿದ, ತಡಬಡಿಸಿ ಡ್ರೋನನ್ನು ಹೊಳೆಯ ನಡುವಿಗೆ ತಿರುಗಿಸಿದ. ಚಿತ್ರ ಸರಿಯುತ್ತಿದ್ದಾಗ ದೊಡ್ಡ ಆಕಾರಗಳು ನಾಲ್ಕೂ ಎದ್ದು ಚಿಕ್ಕದನ್ನು ಎತ್ತಿಕೊಂಡು ಕಬ್ಬಿನೊಳಕ್ಕೆ ಓಡುವುದು ಎಲ್ಲರಿಗೂ ಕಂಡಿತು. ಹಗ್ಗ ಕಟ್ಟಿ ಎಳೆದ ಗೊಂಬೆ ಹಾಗೆ ಓಡುವುದಿಲ್ಲ. ಯಾರೋ “ಅಯ್ಯೋ ರಾಯರೇ” ಎಂದರು. ಹಂಸಾ ಇರಬೇಕು.

ಜಯತೀರ್ಥ ಸಾರ್ ಕವನಳ ಕುರ್ಚಿಯ ಬೆನ್ನನ್ನು ಹಿಡಿದು ಬಾಗಿದರು. “ದೊಡ್ಡ ಕೆಲಸ ಮಾಡಿದ್ರಿ ತಾಯಿ” ಎಂದರು. “ಯಂತ್ರ ಇಂಥದ್ದನ್ನ ಎಲ್ಲೂ ಕಂಡಿರಲಿಲ್ಲ, ಅದಕ್ಕೇ ಮೋಸಹೋಗಿದೆ. ಅಷ್ಟೇ ಅಲ್ವೇ?”

ಮೈಕ್ ಇನ್ನೂ ತೆರೆದಿತ್ತು. ಶಾಮಿಯಾನದವರಿಗೂ ಎಲ್ಲ ಕೇಳಿಸುತ್ತಿತ್ತು. ಯಾರೂ ಎಣಿಸುತ್ತಿರಲಿಲ್ಲ, ಆದರೂ ಕವನಳಿಗೆ ಎಣಿಕೆ ಕೇಳಿಸುತ್ತಿತ್ತು. ಸುಮ್ಮನೆ ಕೂತಿದ್ದರಾಯಿತು. ಸುಮ್ಮನಿದ್ದರೆ ಹೌದೆಂದೇ ಅರ್ಥ, ಅವರೇ ಹೇಳಿಕೊಟ್ಟಿದ್ದರು. ನಾಳೆ ಇನ್ನೊಂದು ಬಯಲು, ಇನ್ನೊಬ್ಬಳು ಕುರ್ಚಿಯಲ್ಲಿ, ತೊಂಬತ್ತೇಳು ಪಾಲು.

ಅವಳು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ತಿರುಗಿ, ಮೊದಲ ಸಲ, ಅವರ ಮುಖ ನೋಡಿದಳು.

“ಅಲ್ಲ ಸಾರ್. ಅದು ಕಂಡಿತ್ತು, ಇದೇನು ಅಂತ ನನ್ನನ್ನ ಕೇಳಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಹಸಿರು ಒತ್ತಿದೆ.”